ಯಾವ ಟ್ರ್ಯಾಕಿನಲ್ಲೂ ಇಲ್ಲದ ಉಸಿರು

ಇಂಥ ಅನುಭವಗಳನ್ನು ನಾನು ನಂಬುತ್ತಿರಲಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿದ್ದ ವರ್ಷಗಳಲ್ಲಿ ಓದುಗರು ಬರೆದು ಕಳಿಸಿದ ಎಷ್ಟೋ ವಿಚಿತ್ರ ಘಟನೆಗಳು ನನ್ನ ಕೈಗೆ ಬಂದಿದ್ದವು. ಎರಡನೇ ಪ್ಯಾರಾಕ್ಕೆ ನಾಯಿ ಊಳಿಡುತ್ತಿತ್ತು. ಕೊನೆಗೆ ಅದೇ ಗಳಿಗೆಯಲ್ಲಿ ಎಲ್ಲೋ ಯಾರೋ ಸತ್ತಿರುತ್ತಿದ್ದರು. ಒಂದನ್ನೂ ಪ್ರಕಟಿಸದೆ ವಾಪಸು ಮಾಡಿದ್ದೇನೆ. ಈಗ ನನ್ನದೇ ಒಂದನ್ನು ಬರೆಯಬೇಕಾಗಿ ಬಂದಿದೆ, ಬರೆಯುವುದರಲ್ಲಿ ನನಗೆ ಯಾವ ಸಂತೋಷವೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಯಾರೂ ಸತ್ತಿಲ್ಲ. ನಡೆದದ್ದು ಹಗಲಿನಲ್ಲಿ, ಏಪ್ರಿಲಿನ ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ.

ಕೆಲವು ವರ್ಷಗಳ ಹಿಂದೆ ನಾನು ಮಣಿಪಾಲದಲ್ಲಿದ್ದುಕೊಂಡು ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ವ್ಯಕ್ತಿಚಿತ್ರಗಳನ್ನು ಬರೆಯುತ್ತಿದ್ದೆ. ಕಾಪುವಿನ ಸುಧಾಕರರ ಬಗ್ಗೆ ಬರೆಯಬೇಕೆಂದು ನಾನೇ ಸಂಪಾದಕರನ್ನು ಒಪ್ಪಿಸಿದ್ದೆ. ಕರಾವಳಿಯಲ್ಲಿ ಭಜನೆ, ತುಳು ನಾಟಕದ ಹಾಡು, ಕೊಂಕಣಿ ಹಾಡುಗಳನ್ನು ಕೇಳುವವರೆಲ್ಲ ಅವರ ಕೆಲಸವನ್ನು ಕೇಳಿಯೇ ಇದ್ದಾರೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಹಾಡಿನಲ್ಲಿ ಒಬ್ಬೊಬ್ಬರ ದನಿ, ಒಂದೊಂದು ವಾದ್ಯ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತದೆ. ಆ ಒಂದೊಂದಕ್ಕೂ ಟ್ರ್ಯಾಕ್ ಎನ್ನುತ್ತಾರೆ. ಅವನ್ನು ಹದವಾಗಿ ಬೆರೆಸಿ ಒಂದು ಹಾಡು ಮಾಡುವುದು ಸುಧಾಕರರ ಕೆಲಸ. ಅವರು ಮದುವೆ ಮನೆಗಳಿಗೆ ಮೈಕ್ ಸೆಟ್ ಕಟ್ಟುವುದರಿಂದ ಶುರುಮಾಡಿದವರು. ಆಮೇಲೆ ಆರ್ಕೆಸ್ಟ್ರಾಗಳ ಜೊತೆ ತಿರುಗಾಟ, ಉಡುಪಿಯ ಒಂದು ಕ್ಯಾಸೆಟ್ ಸ್ಟುಡಿಯೋದಲ್ಲಿ ಹನ್ನೆರಡು ವರ್ಷ ದುಡಿಮೆ, ಕೊನೆಗೆ ಮನೆಯ ಹಿಂದಿನ ಕೋಣೆಗೆ ತೆಂಗಿನ ನಾರಿನ ಹಾಸು ಹೊಡೆದು ಸ್ವಂತ ಸ್ಟುಡಿಯೋ.

ಅವರು ಕೆಲಸ ಮಾಡುವ ರೀತಿ ಬೇರೆಯವರದ್ದರಂತೆ ಇರಲಿಲ್ಲ. ಎಲ್ಲರೂ ದೊಡ್ಡದಾಗಿ ಕೇಳಿದರೆ, ಇವರು ಇಬ್ಬರು ಮಾತನಾಡುವಷ್ಟು ಸಣ್ಣಗೆ ಇಟ್ಟುಕೊಂಡು ಕೇಳುತ್ತಿದ್ದರು. ಹಾಡು ತಯಾರಾಯಿತು ಅನ್ನಿಸಿದ ಮೇಲೆ ಕಾರಿನಲ್ಲಿ ಹಾಕಿಕೊಂಡು, ಕಿಟಕಿ ತೆರೆದು, ಹೆದ್ದಾರಿಯಲ್ಲಿ ಉದ್ಯಾವರದವರೆಗೆ ಹೋಗಿಬರುತ್ತಿದ್ದರು. ಲಾರಿಗಳ ನಡುವೆಯೂ ಪದ ಸ್ಪಷ್ಟವಾಗಿ ಕೇಳಿದರೆ ಮಾತ್ರ ಪಾಸು. ಇನ್ನೊಂದು ಹಟ, ಹಾಡುಗಾರರ ಉಸಿರಿನದ್ದು. ಸಾಲು ಶುರುವಾಗುವ ಮೊದಲು ಗಾಯಕರು ಎಳೆದುಕೊಳ್ಳುವ ಉಸಿರನ್ನು ಈಗಿನವರು ಕತ್ತರಿಸಿ ತೆಗೆದುಬಿಡುತ್ತಾರೆ. ಸುಧಾಕರರು ಒಂದನ್ನೂ ತೆಗೆಯುತ್ತಿರಲಿಲ್ಲ. “ಉಸಿರು ತೆಗೆದ್ರೆ ಹಾಡುದು ಯಾರು ಮಾರ್ರೆ? ಹೆಣವಾ?” ಎಂದು ನನ್ನ ಮೊದಲ ಭೇಟಿಯಲ್ಲೇ ಕೇಳಿದ್ದರು. ನಾನು ಅದನ್ನು ಲೇಖನದ ತಲೆಬರಹಕ್ಕೆಂದು ಗುರುತು ಹಾಕಿಕೊಂಡಿದ್ದೆ.

ನಾಲ್ಕನೇ ಸಲ ಹೋದಾಗ ಅವರು ಕಲ್ಯಾಣಪುರದ ಐವರು ಹೆಂಗಸರು ಹಾಡಿದ ವೊವಿಯೊಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ವಧುವಿಗೋ ವರನಿಗೋ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಈ ಹಾಡುಗಳನ್ನು ಹಾಡುತ್ತಾರೆ. ಹಿರಿಯ ಹೆಂಗಸೊಬ್ಬರು ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಮತ್ತೆ ಹಾಡುತ್ತಾರೆ. ಇಲ್ಲಿ ಎತ್ತಿಕೊಟ್ಟವರು ಜುಲಿಯಾನಾ ಬಾಯಿ ಎಂಬ ಎಪ್ಪತ್ತು ದಾಟಿದ ಹೆಂಗಸು. ವಾದ್ಯವೇ ಇಲ್ಲ. ಐದು ದನಿ, ಐದು ಟ್ರ್ಯಾಕ್. ಸುಧಾಕರರಿಗೆ ಅದು ಎರಡು ದಿನದ ಕೆಲಸ. ನಾನು ಹೋದಾಗ ಒಂಬತ್ತನೇ ದಿನ ನಡೆಯುತ್ತಿತ್ತು. ಗಡ್ಡ ಬೆಳೆದಿತ್ತು. ನನ್ನ ಪ್ರಶ್ನೆಗಳಿಗೆ ಹೂಂ ಉಹೂಂ ಅಷ್ಟೇ ಉತ್ತರ. ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಆಗ ಅವರು ಹೇಳಿದರು.

ಮೂರನೇ ಹಾಡಿನಲ್ಲಿ ಒಂದು ಉಸಿರು ಹೆಚ್ಚಿತ್ತು. ಜುಲಿಯಾನಾ ಬಾಯಿ ಸಾಲು ಮುಗಿಸಿ, ಉಳಿದವರು ಎತ್ತಿಕೊಳ್ಳುವ ನಡುವಿನಲ್ಲಿ, ಬಲಗಡೆಯಿಂದ, ಯಾರೋ ಹಾಡುವುದಕ್ಕೆಂದು ಉಸಿರೆಳೆದುಕೊಂಡು ಹಾಡದೆ ನಿಂತ ಹಾಗೆ. ಒಂದೊಂದೇ ಟ್ರ್ಯಾಕ್ ಹಾಕಿದರೆ ಯಾವುದರಲ್ಲೂ ಇಲ್ಲ. ಐದನ್ನೂ ಸೇರಿಸಿದರೆ ಉಂಟು. ಜೋಡಿ ಜೋಡಿಯಾಗಿ ಹಾಕಿ ನೋಡಿದರು, ಮೂರು ಮೂರು ಹಾಕಿ ನೋಡಿದರು, ಕಂಪ್ಯೂಟರ್ ಬದಲಾಯಿಸಿದರು. ಪರದೆಯ ಮೇಲೆ ಆ ಜಾಗದಲ್ಲಿ ಸಪಾಟು ಗೆರೆ.

ಅವರನ್ನು ಕಾಡುತ್ತಿದ್ದದ್ದು ದೆವ್ವ ಭೂತವೇನಲ್ಲ, ಕಿವಿ. ಆರು ತಿಂಗಳ ಹಿಂದೆ ಮಣಿಪಾಲದಲ್ಲಿ ಪರೀಕ್ಷೆ ಮಾಡಿಸಿದಾಗ ಬಲಗಿವಿಗೆ ಸಣ್ಣ, ಮೇಲಿನ ಸ್ವರದ ಶಬ್ದಗಳು ಕೇಳುವುದು ಕಡಿಮೆಯಾಗಿದೆ ಎಂದಿದ್ದರಂತೆ. ಉಸಿರಿನ ಸದ್ದು ಅಂಥದ್ದೇ. ಕೇಳಿಸಬಾರದ ಕಿವಿಗೆ ಕೇಳಿಸುತ್ತಿದೆ.

“ಪ್ರಮೀಳಳಿಗೆ ಕೇಳುದಿಲ್ಲ. ಆದ್ರೆ ಅವಳಿಗೆ ನಾನು ಕರೆದದ್ದೂ ಕೇಳುದಿಲ್ಲ,” ಎಂದರು. ನಗು ಬರಲಿಲ್ಲ, ಅವರಿಗೂ ಬರಲಿಲ್ಲ. “ನೀವು ಪೇಪರಿನವರು. ನೀವೂ ಕೇಳಿ, ಇದ್ದದ್ದು ಇದ್ದ ಹಾಗೆ ಹೇಳಿ. ಟ್ರ್ಯಾಕಿನಲ್ಲಿ ಇದ್ರೆ ಹುಡುಕಿ ತೆಗಿತೇನೆ. ಇಲ್ಲ ಅಂತಾದ್ರೆ ಈ ರೂಮಿಗೆ ಬೀಗ.”

ಪ್ರಮೀಳ ಅವರ ಹೆಂಡತಿ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ಮನೆಯಲ್ಲಿದ್ದರು. ಅವರ ತಮ್ಮನಿಗೆ ಕಾರ್ಕಳದಲ್ಲಿ ಹೋಟೆಲ್ ಇತ್ತು. ಭಾವ ಬಂದು ನೋಡಿಕೊಳ್ಳಲಿ ಎಂದು ಆತ ಎರಡು ವರ್ಷದಿಂದ ಕರೆಯುತ್ತಿದ್ದನಂತೆ. ಅವರು ಬಾಗಿಲಲ್ಲಿ ನಿಂತು ಹೇಳಿದರು: “ಕಿವಿ ಹೋದ್ರೆ ಹೋಗ್ಲಿ, ಮಂಡೆ ಹೋಗುದು ಬೇಡ ಅಂತ ನಾನು ಹೇಳುದು. ನೀವಾದ್ರೂ ಹೇಳಿ ಸರ್. ಒಂಬತ್ತು ದಿನದಿಂದ ಊಟಕ್ಕೆ ಕರೆದ್ರೆ ‘ಶ್‌’ ಅಂತಾರೆ. ನಾನೆಂತ ಕ್ಲಾಸಿನ ಮಗುವಾ?”

ಪರೀಕ್ಷೆಯ ಕ್ರಮ ಹೇಳಿದವರೂ ಪ್ರಮೀಳ ಅವರೇ. ಸುಧಾಕರರೂ ನಾನೂ ಬೆನ್ನಿಗೆ ಬೆನ್ನು ಹಾಕಿ ಎರಡು ಕುರ್ಚಿಯಲ್ಲಿ ಕೂರಬೇಕು, ಕಣ್ಣು ಮುಚ್ಚಬೇಕು, ಉಸಿರು ಕೇಳಿದ ಕೂಡಲೇ ಕೈ ಎತ್ತಬೇಕು. ಹಾಡು ಹಾಕುವುದು, ಬರೆದುಕೊಳ್ಳುವುದು ಅವರು. ಎಲ್ಲಿ ಬರುತ್ತದೆಂದು ಸುಧಾಕರರು ನನಗೆ ಅಂದಾಜು ಹೇಳಿದ್ದರು, ಹಾಗೆ ಮೊದಲೇ ಹೇಳಿದ್ದೇ ತಪ್ಪಾಯಿತು, ಆಗಲೇ ನನಗೆ ಹೊಳೆಯಬೇಕಿತ್ತು. ಎ.ಸಿ. ಆರಿಸಿದೆವು, ಫ್ಯಾನೂ ಆರಿಸಿದೆವು. ಹೊರಗೆ ಸುಡುವ ಬಿಸಿಲು. ನನ್ನ ರೆಕಾರ್ಡರ್ ಮೇಜಿನ ಮೇಲೆ ಓಡುತ್ತಿತ್ತು. ಸಂದರ್ಶನದ ಅಭ್ಯಾಸ, ಅಷ್ಟೇ.

ಮೊದಲ ಸಲ ನನಗೆ ಕೇಳಿಸಿತು. ಇದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ಜುಲಿಯಾನಾ ಬಾಯಿಯ ಸಾಲು ಮುಗಿಯಿತು, ನನ್ನ ಬಲಗಿವಿಯ ಹತ್ತಿರ, ಒಂದು ಮೊಳ ದೂರದಲ್ಲಿ, ಒಬ್ಬರು ಬಾಯಿ ತೆರೆದು ಉಸಿರೆಳೆದುಕೊಂಡರು. ನಾನು ಕೈ ಎತ್ತಿದೆ. ಇಬ್ಬರೂ ಒಂದೇ ಕ್ಷಣಕ್ಕೆ ಎತ್ತಿದೆವು ಎಂದರು ಪ್ರಮೀಳ. ತಮಗೇನೂ ಕೇಳಿಸಲಿಲ್ಲ ಎಂದೂ ಹೇಳಿದರು. ಎರಡನೇ ಸಲವೂ ಹಾಗೆಯೇ. ಸುಧಾಕರರು ಉದ್ದನೆ ಉಸಿರುಬಿಟ್ಟು, “ಉಂಟಲ್ಲ! ನಾನು ಹೇಳ್ಲಿಲ್ವಾ!” ಎಂದರು. ಅಷ್ಟು ಹಗುರವಾದ ದನಿಯನ್ನು ನಾನು ಆ ದಿನ ಮತ್ತೆ ಕೇಳಲಿಲ್ಲ.

“ಇನ್ನೊಂದು ಸಲ. ಗಣಿತದಲ್ಲಿ ಎರಡು ಸಲ ಸಾಕಾಗುದಿಲ್ಲ,” ಎಂದರು ಪ್ರಮೀಳ.

ಕಣ್ಣು ಮುಚ್ಚಿದೆವು. ಕಾದೆವು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಆಮೇಲೆ ಅದೇ ಜಾಗದಲ್ಲಿ, ಅಷ್ಟೇ ಹತ್ತಿರದಲ್ಲಿ, ಅದೇ ಉಸಿರು. ಅಭ್ಯಾಸಬಲದಿಂದ ಕೈ ಎತ್ತಿದೆ. ನನ್ನ ಬೆನ್ನ ಹಿಂದೆ ಸುಧಾಕರರ ಕುರ್ಚಿ ಕಿರ್ ಎಂದಿತು. ಇನ್ನು ಹಾಡು ಶುರುವಾಗಿ ಜುಲಿಯಾನಾ ಬಾಯಿಯ ದನಿ ಬರುತ್ತದೆ ಎಂದುಕೊಂಡೆ. ಬಂದದ್ದು ಪ್ರಮೀಳ ಅವರ ದನಿ.

“ಇಬ್ಬರೂ ಯಾಕೆ ಕೈ ಎತ್ತಿದ್ದು? ನಾನು ಹಾಡು ಇನ್ನೂ ಹಾಕ್ಲೇ ಇಲ್ಲ.”

ಕಣ್ಣು ಬಿಟ್ಟಾಗ ಅವರು ಸೀರೆಯ ಸೆರಗಿನಿಂದ ಕನ್ನಡಕ ಒರೆಸುತ್ತಾ ಕೂತಿದ್ದರು. ಬೆವರಿಗೆ ಗಾಜು ಮಂಜಾಗಿತ್ತಂತೆ. ಕೈ ಕಂಪ್ಯೂಟರಿನ ಹತ್ತಿರವೂ ಇರಲಿಲ್ಲ.

ನನಗೆ ಮೊದಲು ಬಂದದ್ದು ಭಯವೇನೂ ಅಲ್ಲ, ಸಿಟ್ಟು. ಅವರದೇ ಉಸಿರು ಇರಬಹುದು ಎಂದೆ. ಅಲ್ಲೇ ಕೂತು ನಾಲ್ಕೈದು ಸಲ ಉಸಿರೆಳೆಯಿರಿ ಎಂದು ಕೇಳಿಕೊಂಡೆ. ಅವರು ಮಾಡಿದರು, ಆಮೇಲೆ ರೇಗಿದರು: “ಇನ್ನು ನಾನು ಉಸಿರಾಡ್ಲಿಕ್ಕೂ ನಿಮ್ಮಿಬ್ಬರ ಪರ್ಮಿಷನ್ ಬೇಕಾ?” ಅದು ಆ ಸದ್ದಾಗಿರಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ಯಾವ ಕಡೆಯಿಂದ ಕೇಳಿತು ಎಂದು ಸುಧಾಕರರು ಕೇಳಿದರು. ಬಲಗಡೆ ಎಂದೆ. ಅವರಿಗೂ ಬಲಗಡೆಯೇ. ನಾವು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದೆವು. ನನ್ನ ಬಲ ಕಿಟಕಿ, ಅವರ ಬಲ ಗೋಡೆ.

ಸುಧಾಕರರು ಎದ್ದು ಫ್ಯಾನ್ ಹಾಕಿದರು. ನಾನು ಹೇಳಿದೆ: “ನನಗೂ ಕೇಳಿಸಿದೆ ಅಂದ ಮೇಲೆ ನಿಮ್ಮ ಕಿವಿಯ ದೋಷ ಅಲ್ಲ, ಅಷ್ಟಂತೂ ಖಚಿತ.”

“ಅದು ಸರಿ,” ಎಂದರು. “ಆದ್ರೆ ಟ್ರ್ಯಾಕಿನಲ್ಲಿ ಇಲ್ಲ ಅಲ್ವಾ? ಇಲ್ಲದ್ದನ್ನು ಕೇಳುವವ ಬೇರೆಯವರ ಹಾಡು ಮುಟ್ಟಬಾರ್ದು.” ಗಂಡ ಕೆಲಸ ಬಿಡಲಿ ಎಂದು ಅಷ್ಟು ದಿನ ಹೇಳಿದ ಪ್ರಮೀಳ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಆ ಸಂಜೆಯೇ ಸುಧಾಕರರು ಹಾಡುಗಳನ್ನು ಇದ್ದ ಹಾಗೆ ಕಲ್ಯಾಣಪುರಕ್ಕೆ ಕಳಿಸಿಕೊಟ್ಟರು. ಉದ್ಯಾವರದವರೆಗೆ ಹೋಗಿಬರಲಿಲ್ಲ. ತಿಂಗಳೊಳಗೆ ಕೋಣೆಗೆ ಬೀಗ ಬಿತ್ತು.

ನಾನು ಮಾಡಬೇಕಾದ ವಿಚಾರಣೆಯನ್ನೆಲ್ಲ ಮಾಡಿದೆ. ನನ್ನ ಕಿವಿ ಪರೀಕ್ಷಿಸಿಕೊಂಡೆ, ದೋಷವಿಲ್ಲ. ರೆಕಾರ್ಡರ್ ಹಾಕಿ ಎಷ್ಟೋ ಸಲ ಕೇಳಿದೆ. ದೂರದಲ್ಲಿ ಲಾರಿಯ ಹಾರ್ನ್, ಬಟ್ಟೆಯಿಂದ ಗಾಜು ಒರೆಸುವ ಸಣ್ಣ ಸದ್ದು, ಎರಡು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟುವುದು, ಆಮೇಲೆ ಪ್ರಮೀಳ ಅವರ ಮಾತು. ಗಾಜು ಒರೆಸಿದ್ದು ಸಿಕ್ಕಿದ ಯಂತ್ರಕ್ಕೆ ಆ ಉಸಿರು ಸಿಕ್ಕಿಲ್ಲ. ನಿಟ್ಟೆಯ ಕಡೆ ಎಂಜಿನಿಯರಿಂಗ್ ಕಲಿಸುವ ಪರಿಚಿತರೊಬ್ಬರಿಗೆ ವಿವರಿಸಿದೆ. ಮೊದಲೇ ಹೇಳಿಕೊಟ್ಟಿದ್ದರಿಂದ ನಿಮಗೂ ಕೇಳಿಸಿದೆ, ಮನಸ್ಸಿನ ಆಟ ಎಂದರು. ಇರಬಹುದು. ಆದರೆ ಹಾಡೇ ಇಲ್ಲದಾಗ ಇಬ್ಬರ ಮನಸ್ಸೂ ಒಂದೇ ಕ್ಷಣಕ್ಕೆ ಆಡಿದ್ದು ಹೇಗೆ? ಕಾಕತಾಳೀಯ ಎಂದರು. ಆ ಪದವನ್ನು ನಾನೂ ಓದುಗರಿಗೆ ವಾಪಸು ಮಾಡಿದ ಎಷ್ಟೋ ಲಕೋಟೆಗಳ ಮೇಲೆ ಬರೆದವನು, ಅದು ಉತ್ತರವಲ್ಲವೆಂದು ಆಗ ಗೊತ್ತಿರಲಿಲ್ಲ. ನಂಬುವವರು ಇನ್ನೂ ಕಷ್ಟ. ಅವರಿಗೆ ಒಂದು ಸಾವು ಬೇಕು. ಕಲ್ಯಾಣಪುರಕ್ಕೆ ಹೋಗಿ ಜುಲಿಯಾನಾ ಬಾಯಿಯನ್ನೂ ಕಂಡೆ. ಐವರೂ ಗಟ್ಟಿಮುಟ್ಟಾಗಿದ್ದರು. ಆರನೆಯವರು ಯಾರಾದರೂ ಗುಂಪು ಬಿಟ್ಟಿದ್ದರೇ ಎಂದು ಕೇಳಿದೆ. ಯಾರೂ ಇಲ್ಲ. ವಿಷಯ ತಿಳಿದ ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನ ಉಸಿರೇ ನನಗೆ ಸಾಲುದಿಲ್ಲ ಪುತಾ. ಇನ್ನೊಂದು ಎಲ್ಲಿಂದ ತಂದು ಕೊಡ್ಲಿ?”

ಆ ಹಾಡುಗಳು ಈಗ ಸುತ್ತಿನ ಮದುವೆ ಮನೆಗಳಲ್ಲಿ ಕೇಳಿಬರುತ್ತವೆ. ಮೂರನೇ ಹಾಡನ್ನು ಹೆಡ್‌ಫೋನ್ ಹಾಕಿ ನೂರು ಸಲವಾದರೂ ಕೇಳಿರಬಹುದು. ಬಾಯಿ ಮುಗಿಸುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ನಡುವೆ ಏನೂ ಇಲ್ಲ. ವ್ಯಕ್ತಿಚಿತ್ರವನ್ನು ನಾನು ಬರೆಯಲೇ ಇಲ್ಲ. ಆ ಮಧ್ಯಾಹ್ನವನ್ನು ಬಿಟ್ಟು ಬರೆದರೆ ಸುಳ್ಳು, ಸೇರಿಸಿದರೆ ನಾನೇ ಪಾಸು ಮಾಡದ ಪ್ರತಿ.

ಕಳೆದ ತಿಂಗಳು ಕಾರ್ಕಳಕ್ಕೆ ಹೋಗಿದ್ದಾಗ ಆ ಹೋಟೆಲಿಗೆ ಹೋದೆ. ಸುಧಾಕರರು ಬಿಳಿ ಅಂಗಿಯಲ್ಲಿ ಮೇಜುಗಳ ನಡುವೆ ಓಡಾಡುತ್ತಿದ್ದರು. ನನ್ನನ್ನು ಕಂಡು ಬಂದು ಎದುರು ಕೂತರು. ಚಹಾ ಬಂತು. ಮಕ್ಕಳು, ಬಿಸಿಲು, ರಸ್ತೆ ಅಗಲ ಮಾಡುವುದು ಎಲ್ಲ ಮಾತಾಯಿತು. ಆಮೇಲೆ ಅವರು ದನಿ ತಗ್ಗಿಸಿದರು.

“ನಿಮಗೆ ಆಮೇಲೆ ಯಾವತ್ತಾದ್ರೂ ಕೇಳಿತಾ?”

“ಇಲ್ಲ. ಒಂದು ಸಲವೂ ಇಲ್ಲ.”

“ನನಗೂ ಇಲ್ಲ,” ಎಂದರು. “ಬೀಗ ಹಾಕಿದ ದಿನದಿಂದ ಇಲ್ಲ.” ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಾ ಕೂತರು. “ಹಾಗಾದ್ರೆ ನಾನು ಕೆಲಸ ಸುಮ್ಮನೆ ಬಿಟ್ಟದ್ದಾ?”

ಜನರನ್ನು ಪ್ರಶ್ನೆ ಕೇಳಿ ಬದುಕಿದವನು ನಾನು. ಅವರು ಕೇಳಿದ್ದು ಒಂದೇ ಪ್ರಶ್ನೆ, ಅದೂ ಸಾಕ್ಷಿಯಾಗಿ ಕೂತಿದ್ದವನಿಗೆ. ಹೌದು ಎನ್ನಲು ನನಗೆ ಆಧಾರವಿರಲಿಲ್ಲ, ಅಲ್ಲ ಎನ್ನಲೂ ಇರಲಿಲ್ಲ. ಅಷ್ಟರಲ್ಲಿ ಅಡುಗೆ ಕೋಣೆಯಿಂದ ಯಾರೋ ಅವರನ್ನು ಕೂಗಿದರು. ಅವರು ಎದ್ದು, ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಒಳಗೆ ಹೋದರು.