ನೂರಕ್ಕೆ ಎರಡು ರನ್ ಇದ್ದಾಗ

ಮೊನ್ನೆ ಕರೆಂಟು ಹೋದಾಗ ಹಳೆಯ ಟಾರ್ಚಿನ ಮುಚ್ಚಳ ತಿರುಗಿಸಿದೆ. ಒಳಗಿನ ಸೆಲ್ಲುಗಳು ಸೋರಿ ಅಂಟಿಕೊಂಡಿದ್ದವು. ಆ ಹುಳಿ ವಾಸನೆ ಮೂಗಿಗೆ ತಾಗಿದ್ದೇ, ಕುವೈತಿನ ಎದುರು ಮನೆಯ ಅಕ್ಕ ನೆನಪಾದರು.

ಮೈದಾನ್ ಹವಲ್ಲಿಯ ಒಂದು ಕಟ್ಟಡದಲ್ಲಿ ನಮ್ಮ ಮನೆಗಳ ಬಾಗಿಲುಗಳು ಎದುರುಬದುರಾಗಿದ್ದವು. ನಾನು ಮೈಸೂರು ಕಡೆಯವನು, ಆಗಷ್ಟೇ ಎಂಜಿನಿಯರ್ ಆಗಿ ಸೇರಿದ್ದ ಬ್ರಹ್ಮಚಾರಿ. ಅವರು ಮಂಗಳೂರು ಕಡೆಯ ತುಳುವರು. ಅವರನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ಅವರ ಗಂಡ ತಾನಾಗಿಯೇ ನನಗೆ ಭಾವ ಆಗಿಬಿಟ್ಟಿದ್ದರು. 1990ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದ ಮೇಲೆ ಫಹಾಹೀಲಿನಲ್ಲಿ ಭಾವ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು, ನನ್ನ ಕಂಪನಿಯೂ ಮುಚ್ಚಿತು. ನಾನು ಹಗಲೆಲ್ಲ ಅವರ ಮನೆಯಲ್ಲೇ ಇರತೊಡಗಿದೆ.

ಅಕ್ಕನಿಗೆ ಕ್ರಿಕೆಟ್ ಹುಚ್ಚು. ಅದರಲ್ಲೂ ತಂಡಕ್ಕೆ ಹೊಸದಾಗಿ ಬಂದಿದ್ದ, ಮೀಸೆಯೂ ಸರಿಯಾಗಿ ಚಿಗುರದ ಆ ಹುಡುಗನ ಮೇಲೆ. 'ನಮ್ಮ ಮಾಣಿ' ಎನ್ನುತ್ತಿದ್ದರು. ಹಿಂದೊಮ್ಮೆ ಅವನು ಎಂಬತ್ತು ದಾಟಿ ಔಟಾದಾಗ ಊಟ ಬಿಟ್ಟಿದ್ದರಂತೆ. ಟೆಸ್ಟಿನಲ್ಲಿ ಅವನಿಗೆ ಇನ್ನೂ ನೂರು ಆಗಿರಲಿಲ್ಲ. ಅಂಗಡಿಗಳಲ್ಲಿ ಸೆಲ್ಲು ಸಿಗದಾದಾಗ ಮುಗಿದ ಸೆಲ್ಲುಗಳನ್ನೇ ಬಾಲ್ಕನಿಯ ಬಿಸಿಲಿಗೆ ಸಂಡಿಗೆಯಂತೆ ಹರವಿ, ಮತ್ತೆ ರೇಡಿಯೋಗೆ ತುರುಕುತ್ತಿದ್ದರು.

ಅಂದು ಸಂಜೆ ಇಂಗ್ಲೆಂಡಿನಲ್ಲಿ ಟೆಸ್ಟಿನ ಕೊನೆಯ ದಿನ. ನಮ್ಮವರು ಸೋಲು ತಪ್ಪಿಸಿಕೊಳ್ಳಲು ಹೆಣಗುತ್ತಿದ್ದರು. ಹುಡುಗ ತೊಂಬತ್ತು ದಾಟಿದ. ಅಕ್ಕ ಕೈ ಎತ್ತಿ ನಮ್ಮಿಬ್ಬರನ್ನೂ ಕೂತಲ್ಲೇ ಕೂರಿಸಿದರು. ತೊಂಬತ್ತರ ಮೇಲೆ ಯಾರೂ ಜಾಗ ಬಿಟ್ಟು ಏಳಬಾರದು, ಎದ್ದರೆ ವಿಕೆಟ್ ಬೀಳುತ್ತದೆ. ಕ್ರಿಕೆಟ್ ಕೇಳುವ ಮನೆಗಳಲ್ಲೆಲ್ಲ ಇದ್ದ ನಿಯಮವೇ ಅದು.

ತೊಂಬತ್ತೆಂಟು ಆಗಿತ್ತು. ಆಗಲೇ ಬಾಗಿಲು ಬಡಿದ ಸದ್ದು... ಕೈಯಿಂದಲ್ಲ, ಬಂದೂಕಿನ ಹಿಡಿಯಿಂದ.

ಸೈನಿಕರು ಅಡಗಿದವರನ್ನು ಹುಡುಕುತ್ತ ಮನೆ ಮನೆ ಹೊಗುತ್ತಿದ್ದ ದಿನಗಳವು. ಬಾಗಿಲು ತೆರೆಯಲು ತಡಮಾಡಿದರೆಂದು ಪಕ್ಕದ ಕಟ್ಟಡದಿಂದ ಒಬ್ಬರನ್ನು ಎಳೆದೊಯ್ದಿದ್ದರು. ಅವರು ಮರಳಿ ಬಂದಿರಲಿಲ್ಲ. ಭಾವ ಏಳಹೋದರು. ಅಕ್ಕ ಅವರ ಮೊಣಕೈ ಹಿಡಿದರು.

"ಕೂತ್ಕೊಳ್ಳಿ."

"ಬಾಗಿಲು ಒಡೀತಾರೆ ಮಾರಾಯ್ತಿ."

"ಒಡೀಲಿ. ಎರಡೇ ರನ್ ಉಂಟು."

ಮತ್ತೆ ಬಡಿತ. ಚಿಲಕ ಅದುರಿತು. ನಾನು ಬಾಗಿಲಿಗೆ ಹತ್ತಿರವಿದ್ದೆ, ಆದರೂ ಏಳಲಿಲ್ಲ. ಕಾಮೆಂಟರಿಯವನ ದನಿ ಮುಳುಗಿತು, ಎದ್ದಿತು. ಚೆಂಡು ಮಿಡ್ ಆಫ್ ದಾಟಿತ್ತು... ಚಪ್ಪಾಳೆ.

ಅಕ್ಕ ಎದ್ದರು. ನಮ್ಮಿಬ್ಬರ ಕಡೆ ಬೆರಳು ತೋರಿಸಿ, "ನೀವು ಅಲ್ಲೇ ಇರಿ" ಎಂದು ತಾವೇ ಹೋಗಿ ಬಾಗಿಲು ತೆರೆದರು. ಮೂವರಿದ್ದರು. ಮುಂದಿದ್ದ ನಡುವಯಸ್ಸಿನವನು ತಡವೇಕೆಂದು ಅರಬ್ಬಿಯಲ್ಲಿ ಗದರಿದ. ಅಕ್ಕನ ಮುಖ ಕಣ್ಣೀರಿನಿಂದ ಒದ್ದೆಯಾಗಿತ್ತು, ಆದರೂ ಅವರು ನಗುತ್ತಿದ್ದರು.

"ಕ್ರಿಕೆಟ್," ಎಂದು ರೇಡಿಯೋ ತೋರಿಸಿದರು. "ಖಲಾಸ್."

ಒಬ್ಬ ಸೈನಿಕ ಒಳಬಂದು ಬಂದೂಕನ್ನು ಭಾವನ ಎದೆಗೆ ಹಿಡಿದ. ಇನ್ನೊಬ್ಬ ಮಂಚದ ಕೆಳಗೆ ಬಗ್ಗಿ ನೋಡಿದ. ಆ ನಡುವಯಸ್ಸಿನವನು ಮಾತ್ರ ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದ. ನಗುವ ಮುಖವನ್ನು ಅವನೂ ಬಹಳ ದಿನಗಳಿಂದ ಕಂಡಿರಲಿಲ್ಲವೇನೋ. ರೇಡಿಯೋದಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವನು ಅದನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡ. "ಯಲ್ಲಾ," ಎಂದು ಉಳಿದಿಬ್ಬರಿಗೆ ಹೊರಡುವ ಸನ್ನೆ ಮಾಡಿದ. ಮೂವರೂ ಮೆಟ್ಟಿಲಿಳಿದರು.

ಭಾವ ನೆಲ ನೋಡುತ್ತ, "ರೇಡಿಯೋ ಹೋಯ್ತು" ಎಂದರು.

"ಹೋಗ್ಲಿ ಬಿಡಿ. ನೂರು ಆಯ್ತಲ್ಲ," ಎಂದು ಅಕ್ಕ ಅಡುಗೆಮನೆಗೆ ಹೋಗಿ, ಇದ್ದ ಒಂದು ಮುಷ್ಟಿ ಸಕ್ಕರೆಯನ್ನು ನಮ್ಮ ಅಂಗೈಗೆ ಹಂಚಿದರು.

ಮುಂದೆ ಬಸ್ಸಿನಲ್ಲಿ ಮರುಭೂಮಿ ದಾಟಿ ಅಮ್ಮಾನ್ ಸೇರಿದೆವು. ಪಂದ್ಯ ಡ್ರಾ ಆಯಿತೆಂದು ಅಲ್ಲಿನ ನಿರಾಶ್ರಿತರ ಡೇರೆಯೊಂದರಲ್ಲಿ ಯಾರೋ ಹೇಳಿದಾಗ, ಅಕ್ಕ ಅಪರಿಚಿತರ ಕೈಯನ್ನೆಲ್ಲ ಕುಲುಕಿದರು.

ಊರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಒಮ್ಮೆ ಕೇಳಿದೆ. ಗಂಡಸರನ್ನೇ ಎಳೆದೊಯ್ಯುತ್ತಿದ್ದ ಕಾಲ. ನಮ್ಮನ್ನು ಕೂರಿಸಿದ್ದು ಅದಕ್ಕೇನಾ ಎಂದು. ಅಕ್ಕ ನಕ್ಕುಬಿಟ್ಟರು. "ನಿನ್ನ ಜೀವಕ್ಕೆ ಅಷ್ಟು ರೇಟು ಉಂಟಾ ಮಾರಾಯ? ನಾನು ಕೂರಿಸಿದ್ದು ನೂರಕ್ಕೆ."

ಕಳೆದ ವರ್ಷ ಅಕ್ಕ ತೀರಿಕೊಂಡರು. ನೋಡಲು ಹೋದಾಗ ಭಾವನಿಗೆ ಈ ಮಾತು ಹೇಳಿದೆ.

"ನಂಗೂ ಹಾಗೇ ಹೇಳ್ತಿದ್ಲು," ಎಂದರು. "ಆದ್ರೆ ನೂರು ಆದ ಮೇಲೂ ನಮ್ಮನ್ನು ಏಳ್ಲಿಕ್ಕೆ ಬಿಡ್ಲಿಲ್ಲ ಅಲ್ವಾ..."

ಅದನ್ನು ಕೇಳೋಣವೆಂದರೆ ಈಗ ಅಕ್ಕ ಇಲ್ಲ.