ಗುಡ್ಡ ಅಳೆಯಲು ಬಂದವನ ಕಾಲು

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರು. ಊರ ಬೆನ್ನಿಗೆ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಬೀರಪ್ಪನ ಗುಡಿ, ಗುಡಿಯ ಹಿಂದೆ ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ. ನಾವು ಕುರಿಯ ಜನ. ಊರು ಹುಟ್ಟುವ ಮುಂಚೆಯೇ ನಮ್ಮವರು ಆ ಗುಡ್ಡದಲ್ಲಿದ್ದರು ಎಂದು ನಮ್ಮಪ್ಪ ಹೇಳುತ್ತಿದ್ದ. ಆದರೆ ಸರಕಾರದ ಜಮೀನು ದಾಖಲೆಯಾದ ಉತಾರದಲ್ಲಿ ಗುಡ್ಡ ನಮ್ಮ ಹೆಸರಿಗೆ ಇರಲಿಲ್ಲ. ಹಳೆಯ ಕಾಲದ ಇನಾಮೆಂದು ಅದು ಓದು ಬರಹದ ಒಂದು ಮನೆತನದ ಹೆಸರಿನಲ್ಲಿತ್ತು. ಆ ಮನೆಯ ಹಿರಿಯರು ಸಾಲಿ ಮಾಸ್ತರರಾಗಿದ್ದವರು. ಅಪ್ಪನಿಗೆ ಅಕ್ಷರ ಕಲಿಸಿದವರೂ ಅವರೇ. ‘ಕಾಗದ ನಮ್ಮ ಮನಿಯಾಗ ಇರ್ಲಿ, ಗುಡ್ಡ ನಿಮ್ಮ ಕಡೆ ಇರ್ಲಿ’ ಎನ್ನುತ್ತಿದ್ದರಂತೆ. ಅವರು ಇರುವತನಕ ಆ ಮಾತು ನಡೆಯಿತು.

ಮಾಸ್ತರರು ತೀರಿಕೊಂಡ ಮೇಲೆ ಬಾಗಲಕೋಟೆಯಲ್ಲಿ ನೌಕರಿಯಲ್ಲಿದ್ದ ಅವರ ಮಕ್ಕಳು ಗುಡ್ಡವನ್ನು ಒಬ್ಬ ಕಲ್ಲಿನ ವ್ಯಾಪಾರಿಗೆ ಮಾರಿದರು. ನಮ್ಮ ಗುಡ್ಡದ ಹೊಟ್ಟೆಯಲ್ಲಿ ಕೆಂಪು ಕಲ್ಲಿತ್ತು. ನಾವು ಹುನಗುಂದದ ಕೋರ್ಟಿಗೆ ಹೋದೆವು. ತಾರೀಖಿನ ಮೇಲೆ ತಾರೀಖು ಬಿತ್ತು. ವ್ಯಾಪಾರಿಯ ಆಳುಗಳು ತಂತಿ ಬೇಲಿ ಹಾಕುವುದು, ನಮ್ಮವರು ಕಿತ್ತೊಗೆಯುವುದು, ದಾರಿಯಲ್ಲಿ ಸಿಕ್ಕವರಿಗೆ ಇವರು ಬಡಿಯುವುದು, ಅವರು ಬಡಿಯುವುದು, ಎರಡು ವರ್ಷ ಹೀಗೇ ಕಳೆಯಿತು. ನಾನಾಗ ಊರಿನ ಅಂಗನವಾಡಿಯಲ್ಲಿ ಟೀಚರು. ಬೆಳಿಗ್ಗೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ, ಸಂಜೆ ಮನೆಯಲ್ಲಿ ಯಾರ ತಲೆ ಒಡೆಯಿತೆಂದು ಕೇಳುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ಗುಡ್ಡದ ಬುಡದಲ್ಲಿದ್ದ ನಮ್ಮ ಕುರಿದಡ್ಡಿಗೆ ಬೆಂಕಿ ಬಿತ್ತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಎಳೆ ಮರಿಗಳನ್ನು ಮಾತ್ರ ಮುಳ್ಳುಬೇಲಿಯೊಳಗೆ ಕೂಡಿಹಾಕಿದ್ದೆವು. ನಾನು ಓಡಿ ಮುಟ್ಟುವಷ್ಟರಲ್ಲಿ ಅವುಗಳ ಕೂಗು ನಿಂತಿತ್ತು. ಅವ್ವ ಉರಿಯುವ ಮುಳ್ಳುಕಂಟಿಗಳನ್ನು ಬರಿಗೈಯಲ್ಲಿ ಎಳೆದು ಹಾಕುತ್ತಿದ್ದಳು. ಅವಳ ಅಂಗೈ ಚರ್ಮ ಕಂಟಿಗೆ ಅಂಟಿಕೊಂಡು ಬಂತು. ಬದುಕಿದ ಮರಿ ಒಂದೇ. ಅದರ ಕಣ್ಣುಗಳು ಹೋಗಿದ್ದವು. ಅಪ್ಪ ಸತ್ತ ಮೇಲೆ ನಮ್ಮನ್ನು ಸಾಕಿದ ಕಾಕಾ ಅದನ್ನು ಎತ್ತಿಕೊಂಡು ಬೇಲಿಯಾಚೆ ಹೋದ. ಬರಿಗೈಯಲ್ಲಿ ತಿರುಗಿ ಬಂದ.

ಯಾರೋ ಬೀಡಿ ಸೇದಿ ಎಸೆದದ್ದರಿಂದ ಬೆಂಕಿ ಹತ್ತಿತೆಂದು ಪೊಲೀಸರು ಬರೆದುಕೊಂಡರು. ಕಾಕಾ ಹೆಚ್ಚು ಮಾತಿನವನಲ್ಲ. ಅವರು ಹೋದ ಮೇಲೆ ಗುಡಿಯ ಕಟ್ಟೆಯ ಮೇಲೆ ಕೂತು, ಇನ್ನು ಮೇಲೆ ಗುಡ್ಡ ಹತ್ತಿದವನು ಇಳಿದು ಹೋಗುವುದಿಲ್ಲ ಎಂದ. ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಅದಾಗಿ ವಾರ ಕಳೆದಿರಬಹುದು, ಗುಡ್ಡದ ಅಳತೆಗೆ ಸರಕಾರದ ಜೀಪು ಬಂತು. ಮೋಜಣಿಯ ಸಾಹೇಬ, ಡ್ರೈವರ್, ಸರಪಳಿ ಹಿಡಿಯುವ ಒಬ್ಬ ಆಳು. ಆಳಿಗೆ ಐವತ್ತರ ಹತ್ತಿರದ ವಯಸ್ಸು, ಖಾಕಿ ಅಂಗಿ, ತಲೆಗೆ ಟವೆಲ್ಲು. ಅವನು ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ಸರಪಳಿ ಎಳೆಯುತ್ತ ಗುಡಿಯತನಕ ಹತ್ತಿದ್ದ. ಸಾಹೇಬ ಅರ್ಧ ಗುಡ್ಡದಲ್ಲಿದ್ದ. ಮೊದಲ ಕಲ್ಲು ಯಾರ ಕೈಯಿಂದ ಹೋಯಿತೋ ಗೊತ್ತಿಲ್ಲ. ಆಮೇಲೆ ಕಲ್ಲಿನ ಮಳೆಯೇ ಆಯಿತು. ಸಾಹೇಬ ಇಳಿದು ಓಡಿದ. ಕಣ್ಣೆದುರಿಗೇ ಜೀಪು ತಿರುಗಿ ಧೂಳೆಬ್ಬಿಸಿಕೊಂಡು ಹೋಯಿತು. ಮೇಲಿದ್ದವನು ಅದನ್ನು ನೋಡುತ್ತ ನಿಂತಿದ್ದ.

ನಾವು ಅವನನ್ನು ಹಿಡಿದೆವು. ಯಾರೋ ಅವನ ಕೋಲಿನಿಂದಲೇ ಅವನ ಬಾಯಿಗೆ ಹೊಡೆದರು. ಕೆಳಗೆ ಬಿದ್ದವನಿಗೆ ಗಂಡಸರು ಒದ್ದರು, ಹೆಂಗಸರು ಒದ್ದರು. ನಾನು ಹತ್ತಿರದಲ್ಲೇ ಇದ್ದೆ. ಅವನು ಕೈ ಮುಗಿದು, ರಕ್ತದ ಬಾಯಲ್ಲಿ ತೊದಲುತ್ತ, ಒಂದೇ ಮಾತು ಹೇಳುತ್ತಿದ್ದ.

“ನಾ ಸರಪಳಿ ಹಿಡಿಯಾಂವ ಅದೀನ್ರಿ. ಬರೇ ಸರಪಳಿ ಹಿಡಿಯಾಂವ ಅದೀನ್ರಿ.”

ನನಗೆ ಅದು ಸ್ಪಷ್ಟವಾಗಿ ಕೇಳಿತು. ನನ್ನ ಮೂಗಿನಲ್ಲಿ ಸುಟ್ಟ ಉಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅವನು ಕಾಲು ಝಾಡಿಸಿ ಏಳಲು ನೋಡಿದ. ಕಾಲು ಹಿಡೀರಿ ಎಂದು ಕಾಕಾ ಕೂಗಿದ. ನಾನು ಹೋಗಿ ಅವನಿಗೆ ಬೆನ್ನು ಮಾಡಿ ಅವನ ತೊಡೆಯ ಮೇಲೆ ಕುಕ್ಕರಿಸಿ ಎರಡೂ ಮೀನಖಂಡಗಳನ್ನು ಒತ್ತಿ ಹಿಡಿದೆ. ಕಾಕಾ ಕೊಡಲಿಯನ್ನು ತಿರುವಿ ಹಿಡಿದು ಅದರ ಹಿಂಬದಿಯಿಂದ ಬಲ ಮೊಣಕಾಲಿಗೆ ಹೊಡೆದ. ಎರಡನೆಯ ಏಟಿಗೆ ಎಲುಬು ಮುರಿಯಿತು. ನನ್ನ ಅಂಗೈಯಲ್ಲಿ ಅದು ನನಗೆ ಗೊತ್ತಾಯಿತು. ಬಿಗಿದಿದ್ದ ಕಾಲು ಒಮ್ಮೆಲೇ ಯಾರದೂ ಅಲ್ಲದ ವಸ್ತುವಿನ ಹಾಗೆ ಸಡಿಲವಾಯಿತು. ಅವನು ಕೂಗಿದ ಕೂಗಿಗೆ ಸುತ್ತಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮಾತ್ರ ಇನ್ನೂ ಹಿಡಿದುಕೊಂಡೇ ಕೂತಿದ್ದೆ.

ಅವ್ವನ ಎರಡೂ ಕೈಗೆ ದವಾಖಾನಿಯ ಪಟ್ಟಿ ಸುತ್ತಿತ್ತು. ಅವಳು ಚರಿಗೆಯನ್ನು ಮುಂಗೈಗಳ ನಡುವೆ ಇರುಕಿಸಿಕೊಂಡು ಬಂದು ಅವನ ಬಾಯಿಗೆ ನೀರು ಬಿಟ್ಟಳು. ನೀರು ರಕ್ತದ ಜೊತೆ ಹೊರಗೇ ಹರಿಯಿತು. “ಏಳು ಅವನ ಮ್ಯಾಲಿಂದ” ಎಂದು ನನಗೆ ಹೇಳಿದಳು. ಆಮೇಲೆ ನಾವೇ ಅವನನ್ನು ಕಂಬಳಿಯಲ್ಲಿ ಮಲಗಿಸಿ ರಸ್ತೆಯತನಕ ಹೊತ್ತೆವು. ಆಂಬುಲೆನ್ಸಿಗೆ ಫೋನು ಮಾಡಿದ್ದು ನಾನೇ.

ಸಂಜೆಯೊಳಗೆ ಪೊಲೀಸ್ ವ್ಯಾನುಗಳು ಬಂದವು. ಬಾಗಿಲು ಮುರಿದರು, ಸಿಕ್ಕ ಗಂಡಸರನ್ನೆಲ್ಲ ಬಡಿಯುತ್ತ ಎಳೆದುಕೊಂಡು ಹೋದರು. ಗುಡ್ಡ ಹತ್ತದೇ ಇದ್ದವರೂ ಅದರಲ್ಲಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಒಂದು ಠಾಣೆಗೆ ಸಿಕ್ಕಿತ್ತು. ಅದರಲ್ಲಿ ಕೊಡಲಿ ಎತ್ತಿದ ಕಾಕಾ ಇದ್ದ. ಅವನ ಮುಂದೆ ಕುಕ್ಕರಿಸಿದ ಒಬ್ಬ ಹೆಂಗಸಿನ ಬೆನ್ನಿತ್ತು. ತಲೆತುಂಬ ಸೆರಗು, ದಡಿಯ ಇಳಕಲ್ ಸೀರೆ. ಅಂಥ ಸೀರೆ ಊರಿನ ಅರ್ಧ ಹೆಂಗಸರು ಉಡುತ್ತಾರೆ. ಆ ಹೆಂಗಸು ಯಾರೆಂದು ಕೇಳುತ್ತ ಕಾಕಾನ ಪಾದಕ್ಕೆ ನಾಲ್ಕು ದಿನ ಹೊಡೆದರಂತೆ. ಅವನು ಹೇಳಲಿಲ್ಲ. ನಾನು ಅಂಗನವಾಡಿಯ ಬೀಗ ತೆಗೆದು, ಬಂದ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಹಾಜರಿ ಬರೆಯುತ್ತಿದ್ದೆ. ಕೆಲಸ ಹೋದರೆ ಅವ್ವನ ಗತಿ ಏನೆಂದು ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಅದು ಬರೀ ಅಂಜಿಕೆ.

ಸರಪಳಿಯವನು ಸಾಕ್ಷಿ ಹೇಳಲು ಹುನಗುಂದದ ಕೋರ್ಟಿಗೆ ಬರುವ ಹೊತ್ತಿಗೆ ಎರಡು ವರ್ಷವಾಗಿತ್ತು. ಬಗಲಿಗೆ ಕೋಲಿಟ್ಟುಕೊಂಡಿದ್ದ. ಬಲಗಾಲು ಮಡಚುತ್ತಿರಲಿಲ್ಲ. ಮುಂದಿನ ಹಲ್ಲುಗಳಿರಲಿಲ್ಲ. ಕಾಕಾನನ್ನು ಬೆರಳು ಮಾಡಿ ತೋರಿಸಿದ. ಕಾಲು ಹಿಡಿದವರು ಯಾರೆಂದು ಸರಕಾರಿ ವಕೀಲರು ಕೇಳಿದರು. ಹೆಣ್ಣುಮಗಳು, ಮುಖ ಕಾಣಲಿಲ್ಲ ಎಂದ. ನಾನು ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದೆ. ಕಾಕಾ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಅಂದು ಬಸ್ ಸ್ಟ್ಯಾಂಡಿನಲ್ಲಿ ಸರಪಳಿಯವನು ಬಾಗಲಕೋಟೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತಿದ್ದ. ಹಿಂದಿನವರು ನೂಕುತ್ತಿದ್ದರು. ನಾನು ಹೋಗಿ ತೋಳು ಕೊಟ್ಟೆ. ನಿನಗೆ ಪುಣ್ಯ ಬರಲಿ ತಂಗಿ ಎಂದು ನನ್ನ ತೋಳು ಹಿಡಿದು, ಯಾವೂರೆಂದು ಕೇಳಿದ. ಊರ ಹೆಸರು ಹೇಳಿದೆ. ಅವನ ಹಿಡಿತ ಸಡಿಲವಾಯಿತು. ಅಲ್ಲಿಗೆ ಬಿಟ್ಟು ಬರಬಹುದಿತ್ತು.

“ಅವತ್ತ ಕಾಲ ಹಿಡದಾಕಿ ನಾನರಿ” ಎಂದೆ.

ಅವನು ಕೈ ತೆಗೆದ.

“ಕೋರ್ಟಿನ್ಯಾಗ ಯಾಕ ಹೇಳ್ಲಿಲ್ಲ?”

“ಅಂಜಿದೆರಿ.”

“ನಾ ಕೈ ಮುಗುದು ಹೇಳಿದ್ದೆ. ಸರಪಳಿ ಹಿಡಿಯಾಂವ ಅದೀನಿ ಅಂತ. ನಿನಗ ಕೇಳಿಸಿತ್ತೇನು?”

“ಕೇಳಿಸಿತ್ರಿ.”

ಅವನು ತಲೆಯಾಡಿಸಿದ. ಮೊದಲು ಕೋಲನ್ನು ಒಳಗೆ ಎಸೆದು, ಎರಡೂ ಕೈಯಿಂದ ಬಾಗಿಲ ಕಂಬಿ ಹಿಡಿದು ತನ್ನನ್ನು ತಾನೇ ಮೇಲೆಳೆದುಕೊಂಡ. ಕಾಲು ಮೆಟ್ಟಿಲಿಗೆ ಬಡಿಯಿತು. ಮತ್ತೆ ತೋಳು ಕೊಡುವ ಧೈರ್ಯ ನನಗಾಗಲಿಲ್ಲ. ಅವನು ಈ ಮಾತನ್ನು ಯಾರಿಗಾದರೂ ಹೇಳುತ್ತಾನೆಂದು ಬಹಳ ದಿನ ಪೊಲೀಸರ ದಾರಿ ಕಾದೆ. ಯಾರೂ ಬರಲಿಲ್ಲ. ನಾನೇ ಹೋಗಿ ಕಾಕಾನ ಪರವಾಗಿದ್ದ ನಮ್ಮ ವಕೀಲರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದು ಬಾಗಿಲು ಮುಚ್ಚಿ ಬಂದರು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗು ಎಂದರು. ಹೋದೆ.

ಕಾಕಾನಿಗೆ ಶಿಕ್ಷೆಯಾಯಿತು, ಇನ್ನೂ ಒಳಗಿದ್ದಾನೆ. ದಡ್ಡಿಗೆ ಬೆಂಕಿ ಹಚ್ಚಿದವರು ಯಾರೆಂದು ಇಂದಿಗೂ ಯಾರೂ ಬರೆದುಕೊಂಡಿಲ್ಲ. ಗುಡ್ಡದ ವ್ಯಾಜ್ಯ ಮೇಲಿನ ಕೋರ್ಟಿನಲ್ಲಿದೆ.

ಈ ವರ್ಷ ಮತ್ತೆ ಅಳತೆಯ ನೋಟಿಸು ಬಂತು. ಗುಡಿಯ ಮುಂದೆ ಎಲ್ಲರೂ ಸೇರಿದರು. ಕೊಡಲಿಯ ಮಾತು ಎದ್ದಾಗ ನಾನು ನಿಂತು, ಆ ವಿಡಿಯೊದ ಬೆನ್ನು ನನ್ನದೆಂದು ಎಲ್ಲರ ಮುಂದೆ ಹೇಳಿದೆ. ಅರ್ಧ ಜನಕ್ಕೆ ಅದು ಗೊತ್ತೇ ಇತ್ತು. ಅಳತೆಯ ದಿನ ನಾನೂ ಗುಡ್ಡ ಹತ್ತುತ್ತೇನೆ, ಸರಪಳಿಯ ಮೇಲೆ ಮಲಗುತ್ತೇನೆ, ಆದರೆ ಆಳಿನ ಮೈಗೆ ಯಾರಾದರೂ ಕೈ ಹಚ್ಚಿದರೆ ಅವರ ಹೆಸರನ್ನು ನಾನೇ ಕೋರ್ಟಿನಲ್ಲಿ ಹೇಳುತ್ತೇನೆ ಎಂದೆ. ಕಾಕಾನ ಹೆಂಡತಿ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. “ನಿನ್ನ ಹೆಸರ ಹೇಳದ ಅಂವ ಒಳಗ ಕೊಳ್ಯಾಕಹತ್ಯಾನ” ಎಂದಳು. ಅವ್ವ ಕಟ್ಟೆಯ ಮೇಲೆ ಕೂತೇ ಇದ್ದಳು, ನಡುವೆ ಬರಲಿಲ್ಲ.

ಅಂದಿನಿಂದ ಕಾಕಾನ ಓಣಿಯ ಎರಡು ಮನೆಯವರು ಮಕ್ಕಳನ್ನು ನನ್ನ ಅಂಗನವಾಡಿಗೆ ಕಳಿಸುವುದನ್ನು ಬಿಟ್ಟಿದ್ದಾರೆ. ಅಳತೆಯ ದಿನ ಇನ್ನೂ ಗೊತ್ತಾಗಿಲ್ಲ.