ಒಂದು ನಿಮಿಷದ ಗಟ್ಟಿಮೇಳ

ಹಿನಕಲ್‌ನ ನಮ್ಮ ಮನೆಯ ಮಹಡಿ ಮೇಲಿನ ಕೋಣೆಗೆ ನಾನು ಸ್ಟುಡಿಯೋ ಎಂದು ಹೆಸರಿಟ್ಟಾಗ ತಂಗಿ ಬಿದ್ದು ಬಿದ್ದು ನಕ್ಕಿದ್ದಳು. ನಗದೆ ಏನು ಮಾಡಿಯಾಳು? ಗೋಡೆಗೆಲ್ಲ ಹಳೇ ರಜಾಯಿ ಹೊಡೆದಿದ್ದೆ. ಒಂದು ಲ್ಯಾಪ್‌ಟಾಪ್, ಒಂದು ಸಂಗೀತದ ಕೀಬೋರ್ಡ್, ಎರಡು ಸ್ಪೀಕರ್. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ನಲವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ಹುಚ್ಚು ಹಿಡಿಯಿತು. ಪರದೆಯ ಮೇಲೆ ಸಾಲು ಸಾಲು ಚೌಕಗಳು. ಒಂದೊಂದರಲ್ಲಿ ಒಂದೊಂದು ಪೆಟ್ಟು ಕೂರಿಸಿದರೆ ತಾಳ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಲೆಕ್ಕದ ಮೇಷ್ಟರಿಗೆ ಇನ್ನೇನು ಬೇಕು? ವಿಡಿಯೋ ನೋಡಿ ನೋಡಿ ಆರು ತಿಂಗಳು ಕಲಿತೆ. ಅಷ್ಟಕ್ಕೇ ನನಗೆ ಕೋಡು ಮೂಡಿತು.

ಆಗಲೇ ತಂಗಿಯ ಮದುವೆ ಗೊತ್ತಾಯಿತು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತಷ್ಟೆ. ಬೆಟ್ಟದ ಪಾದದ ಹತ್ತಿರ ಒಂದು ಚಿಕ್ಕ ಛತ್ರ ಹಿಡಿದೆವು.

"ವಾಲಗದವರಿಗೆ ಹೇಳ್ಬುಡು ಕಣೋ," ಎಂದಳು ಅಮ್ಮ.

"ವಾಲಗ ಯಾಕಮ್ಮ? ನಾನೇ ಮಾಡ್ತೀನಿ."

ಅಮ್ಮ ಮತ್ತೆ ಒತ್ತಾಯ ಮಾಡಲಿಲ್ಲ. ಅವಳಿಗೆ ಬೇರೆಯದೇ ಚಿಂತೆಯಿತ್ತು. ತಂಗಿ ಅವಳಿಂದ ಮಾತು ತೆಗೆದುಕೊಂಡಿದ್ದಳು: "ಮಂಟಪದಲ್ಲಿ ನೀನು ಅತ್ರೆ ನಂಗೆ ತಡ್ಕೊಳೋಕಾಗಲ್ಲ. ಅಳ್ಬೇಡ ಕಣಮ್ಮ." ಅದಕ್ಕೆ ಅಮ್ಮ, "ನಿನ್ನ ಕಿವಿಗೆ ಬೀಳೋ ಹಂಗೆ ಅಳಲ್ಲ, ಬುಡು," ಎಂದಿದ್ದಳು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ನಾನು ಗಟ್ಟಿಮೇಳಕ್ಕೆ ಕೂತೆ. ಮಾಂಗಲ್ಯ ಕಟ್ಟುವಾಗ ಯಾರದೋ ಸೀನು, ಕೆಟ್ಟ ಮಾತು ವಧೂವರರ ಕಿವಿಗೆ ಬೀಳದಿರಲಿ ಎಂದು ಡೋಲು, ನಾದಸ್ವರ ಎಲ್ಲ ಒಟ್ಟಿಗೆ ಮೊಳಗುತ್ತವಲ್ಲ, ಅದೇ. ನೆಂಟರ ಮದುವೆ ವಿಡಿಯೋಗಳನ್ನು ತರಿಸಿ, ಮೂರು ಗಂಟು ಹಾಕಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆದೆ. ಒಂದು ನಿಮಿಷ ಧಾರಾಳ ಸಾಕು. ಶುರುವಿಗೆ ಮೆಲ್ಲಗೆ ಏರುವ ಶ್ರುತಿ, ಆಮೇಲೆ ಡೋಲು, ಕೊನೆಗೆ ಎಲ್ಲವೂ ಒಂದೇ ಪೆಟ್ಟಿಗೆ ನಿಲ್ಲುವ ಮುಕ್ತಾಯ. ಆ ಮುಕ್ತಾಯವನ್ನು ನಾನೇ ಎಷ್ಟು ಸಲ ಕೇಳಿ ಬೀಗಿದೆನೋ!

ಮದುವೆಯ ದಿನ ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ವಿಧವೆಯೆಂದು ಅಮ್ಮ ಮಂಟಪ ಹತ್ತದೆ ಕಂಬದ ಪಕ್ಕ ನಿಂತಿದ್ದಳು. ಬಾ ಎಂದು ನಾವ್ಯಾರೂ ಕೈಹಿಡಿದು ಎಳೆಯಲಿಲ್ಲ; ಇವತ್ತಿಗೂ ನನಗೆ ಅದು ನಾಚಿಕೆಯ ವಿಷಯ. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಎಂದರು. ಮೂಲೆಯಲ್ಲಿ ಕೂತಿದ್ದ ನಾನು ಗುಂಡಿ ಒತ್ತಿದೆ. ಛತ್ರ ಅದುರಿತು. ಮೊದಲ ಗಂಟು, ಎರಡನೇ ಗಂಟು ಸಲೀಸಾಗಿ ಬಿದ್ದವು. ಮೂರನೆಯದು ಹಾಕುವಾಗ ದಾರ ತಂಗಿಯ ಮೊಗ್ಗಿನ ಜಡೆಗೆ ಸಿಕ್ಕಿಕೊಂಡಿತು. ಮದುಮಗ ಬಿಡಿಸುತ್ತಿದ್ದ ಹಾಗೆಯೇ ನನ್ನ ಆ ಅಂದವಾದ ಮುಕ್ತಾಯ ಬಂದು, ಎಲ್ಲ ನಿಂತುಹೋಯಿತು.

ಆ ನಿಶ್ಶಬ್ದದಲ್ಲಿ ಕೇಳಿಸಿದ್ದು ಅಮ್ಮನ ಅಳು. ಬಿಕ್ಕಳಿಕೆಯಲ್ಲ, ಬಾಯಿ ತೆರೆದು, ತಡೆಯಿಲ್ಲದೆ ಅಳುವ ಅಳು. ಛತ್ರವೆಲ್ಲ ಕಂಬದ ಕಡೆ ತಿರುಗಿತು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಂಗಿಯ ತಗ್ಗಿಸಿದ ತಲೆ ಅಲುಗುತ್ತಿತ್ತು. ಪುರೋಹಿತರು ನನ್ನತ್ತ ಕಣ್ಣು ಬಿಟ್ಟು, "ಗಟ್ಟಿಮೇಳ ಕಣ್ರೀ, ಗಟ್ಟಿಮೇಳ!" ಎಂದು ಕೂಗಿದರು. ಮತ್ತೆ ಗುಂಡಿ ಒತ್ತಿದರೆ ಅದು ಮೊದಲಿನಿಂದ ಶುರುವಾಗಿ, ಆ ಹಾಳು ಶ್ರುತಿ ಮೆಲ್ಲಗೆ ಏರತೊಡಗಿತು. ಅದು ಏರುವಷ್ಟರಲ್ಲಿ ಮೂರನೇ ಗಂಟು ಬಿದ್ದಾಗಿತ್ತು.

ಊಟದ ಹೊತ್ತಿಗೆ ಎಲ್ಲರೂ ಅದನ್ನು ಮರೆತ ಹಾಗೆ ನಡೆದುಕೊಂಡರು. ಅಮ್ಮನೂ ಓಡಾಡಿ ಉಪಚಾರ ಮಾಡಿದಳು. ತಂಗಿ ಗಂಡನ ಮನೆಗೆ ಹೋಗಿ ಎರಡು ದಿನವಾದ ಮೇಲೆ, ಕಾಫಿ ಲೋಟ ಕೊಡುತ್ತಾ ಅಮ್ಮ ಇಷ್ಟೇ ಹೇಳಿದಳು: "ಗಟ್ಟಿಮೇಳ ಇದೆಯಲ್ಲ ಅಂತ ಧೈರ್ಯವಾಗಿ ಅತ್ತೆ ಕಣೋ. ನಡುವೇಲಿ ನೀನು ಕೈ ಬಿಟ್ಬುಟ್ಟೆ."

ಬೈದಿದ್ದರೆ ಎದುರಾಡುತ್ತಿದ್ದೆನೇನೋ. ನಾನು ಗಂಟುಗಳನ್ನು ಮಾತ್ರ ಅಳೆದಿದ್ದೆ. ವಾಲಗದವರಾಗಿದ್ದರೆ ಮಂಟಪ ನೋಡಿಕೊಂಡು ಬಾರಿಸುತ್ತಿದ್ದರು. ಮೂರನೇ ಗಂಟು ಬೀಳುವವರೆಗೆ ನಿಲ್ಲಿಸುತ್ತಿರಲಿಲ್ಲ. ನಾನು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದೆ.

ಹದಿನೈದು ದಿನ ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ ಹೋಗಿ, ಆ ಮುಕ್ತಾಯವನ್ನು ಅಳಿಸಿದೆ. ನಾದಸ್ವರವನ್ನು ನಿಲ್ಲದೆ ಮತ್ತೆ ಮತ್ತೆ ಸುತ್ತಿ ಬರಲು ಬಿಟ್ಟು, ಡೋಲಿನ ಪೆಟ್ಟುಗಳನ್ನು ಕೀಬೋರ್ಡಿನ ಮೇಲೆ ಬೆರಳಲ್ಲೇ ಬಾರಿಸುತ್ತಿದ್ದೆ. ತಾಳ ಅಲ್ಲಲ್ಲಿ ಜಾರುತ್ತಿತ್ತು. ಸದ್ದು ಕೇಳಿ ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಸ್ಟುಡಿಯೋಗೆ ಅವಳು ಬಂದದ್ದು ಅದೇ ಮೊದಲು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ನನಗೆ ಬೆನ್ನು ಮಾಡಿ ಕೂತಳು.

"ಇದು ಎಷ್ಟು ಹೊತ್ತು ಬರತ್ತೆ?"

"ನೀನು ಹೇಳೋವರೆಗೂ ಬರತ್ತಮ್ಮ."

"ಜೋರು ಮಾಡು ಹಂಗಾದ್ರೆ."

ಜೋರು ಮಾಡಿದೆ. ಅವಳ ಭುಜಗಳು ಅಲುಗುವುದು ಕಾಣಿಸುತ್ತಿತ್ತು; ಅಳು ಮಾತ್ರ ಕೇಳಿಸಲಿಲ್ಲ. ನಾನು ಗಡಿಯಾರ ನೋಡಲಿಲ್ಲ. ಬೆರಳು ನೋಯತೊಡಗಿದರೂ ಬಾರಿಸಿದೆ. ಬಹಳ ಹೊತ್ತಿನ ಮೇಲೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗದೆಯೇ ಕೈಯೆತ್ತಿದಳು.

"ಸಾಕು ಕಣೋ," ಎಂದಳು. ಆಗ ನಿಲ್ಲಿಸಿದೆ.